ಅಣು ತೂಗುವ ಯಂತ್ರ ತಂದವರು

ನಮ್ಮ ವಿಭಾಗದ ಹಳೆಯ ಫ್ರಿಜ್ಜಿಗೆ ನಾನು ಕನ್ನಡದಲ್ಲಿ ಬೈಯುತ್ತಿದ್ದಾಗ ಅವರ ಪರಿಚಯವಾಯಿತು. ಪಿಎಚ್‌.ಡಿ. ಮಾಡಲು ತುಮಕೂರಿನಿಂದ ದೆಹಲಿಗೆ ಬಂದು ಆರು ತಿಂಗಳಾಗಿತ್ತು. ಕಾರಿಡಾರಿನ ಕೊನೆಯಲ್ಲಿದ್ದ ಆ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹಿಂದಿನ ಸಂಜೆ ತಣ್ಣಗಿರಲೆಂದು ಇಟ್ಟುಹೋದ ನನ್ನ ಪ್ರಯೋಗದ ಸೀಸೆ ಬೆಳಿಗ್ಗೆ ನೋಡಿದರೆ ಬೆಚ್ಚಗೆ ಕೂತಿತ್ತು. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದು, ಒಂದು ಸಲ ಒದ್ದೆ ಕೂಡ.

"ಅದನ್ನು ಒದೀಬೇಡ ಮಾರಾಯ್ತಿ. ಬಾಗಿಲಿನ ರಬ್ಬರ್ ಹೋಗಿದೆ, ಅಷ್ಟೆ."

ತಿರುಗಿ ನೋಡಿದರೆ ಕಾಟನ್ ಸೀರೆ, ಅದರ ಕೆಳಗೆ ಓಡುವವರು ಹಾಕುವಂಥ ಬೂಟು, ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು. ನಮಗೆ ಭೌತ ರಸಾಯನಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್. ಆರು ತಿಂಗಳು ಅವರ ಬಾಯಲ್ಲಿ ಬರೀ ಹಿಂದಿ, ಇಂಗ್ಲಿಷ್ ಕೇಳಿದ್ದ ನಾನು ನಾಚಿಕೆಯಿಂದ ಗೋಡೆಗೆ ಒರಗಿಬಿಟ್ಟೆ. ಅವರಿಗೆ ನನ್ನ ನಾಚಿಕೆಯ ಕಡೆ ಗಮನವೇ ಇರಲಿಲ್ಲ. ಒಂದು ಹಾಳೆ ಹರಿದು, ಬಾಗಿಲ ಸಂದಿಯಲ್ಲಿ ಇಟ್ಟು ಮುಚ್ಚಿ, ಎಳೆದು ನೋಡಿದರು. ಸುಲಭವಾಗಿ ಬಂತು. ಇನ್ನೂ ಸ್ವಲ್ಪ ಕೆಳಗೆ ಇಟ್ಟರು. ಹಾಗೆ ಸುತ್ತಲೂ ಪರೀಕ್ಷಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, "ನೋಡು, ಇಲ್ಲಿಂದ ಇಲ್ಲೀವರೆಗೆ ಹಿಡೀತಾ ಇಲ್ಲ. ಮೇಲಿನ ಖಾನೆಯಲ್ಲಿ ಇಡು, ಅಲ್ಲಿ ಸರಿ ಉಂಟು" ಎಂದರು. ಆಮೇಲೆ ಏನೋ ನೆನಪಾಗಿ ಕೇಳಿದರು: "ಅಚ್ಛಾ, ಅಂದಹಾಗೆ ನೀನು ಯಾರು?"

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನು ಮಾಡಿ, ಬರೆದದ್ದರಲ್ಲಿ ಯಾವುದು ನಾನೇ ನೋಡಿದ್ದು, ಯಾವುದು ಕೇಳಿದ್ದು, ಯಾವುದು ಊಹೆ ಎಂದು ಸಾಲುಸಾಲಾಗಿ ವಿಚಾರಿಸುತ್ತಾರೆ. ಕಳೆದ ತಿಂಗಳು ನಿವೃತ್ತರಾದರು. ವಿಭಾಗದ ಸಂಚಿಕೆಗಾಗಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟೆ. ಶಿಸ್ತು, ಸರಳತೆ, ತಾಯಿಯಂಥ ಮಮತೆ ಎಂದೆಲ್ಲ ಬರೆದಿದ್ದೆ. ಅಚ್ಚಾಗಿ ಬಂದ ಮೇಲೆ ಓದಿದರೆ ಅದು ಬೇರೆ ಯಾರದೋ ಬಗ್ಗೆ ಬರೆದಂತಿತ್ತು. ಅವರಲ್ಲಿ ಶಿಸ್ತು ಇರಲಿಲ್ಲ. ಉತ್ತರಪತ್ರಿಕೆಗಳನ್ನು ಮೆಟ್ರೊದಲ್ಲಿ ಬಿಟ್ಟು ಬಂದವರು. ತಾಯಿಯಂಥ ಮಮತೆಯೂ ಅಷ್ಟಕ್ಕಷ್ಟೆ; ನನಗೆ ಜ್ವರ ಬಂದಾಗ ಹಣ್ಣು ತರಲಿಲ್ಲ, ಥರ್ಮಾಮೀಟರ್ ತಂದು ಗಂಟೆಗೊಮ್ಮೆ ಬರೆದಿಡು ಎಂದರು. ಆದ್ದರಿಂದ ಈಗ ಕನ್ನಡದಲ್ಲಿ, ಕಂಡ ಹಾಗೆ ಬರೆಯಲು ನೋಡುತ್ತೇನೆ.

ಅವರ ತಂದೆ ಉಡುಪಿ ಕಡೆಯವರು. ಕರೋಲ್ ಬಾಗ್‌ನ ಗಲ್ಲಿಯೊಂದರಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿ ಅಡುಗೆಮನೆಯಲ್ಲೇ ಕೂತು ಬೆಳೆದಳು. ಮೇ ತಿಂಗಳಲ್ಲಿ ಮೂರೇ ಗಂಟೆಯೊಳಗೆ ಉಕ್ಕಿ ಪಾತ್ರೆ ದಾಟುವ ಹಿಟ್ಟು ಜನವರಿಯಲ್ಲಿ ಕಂಬಳಿ ಹೊದಿಸಿದರೂ ಏಕೆ ಏಳುವುದಿಲ್ಲ ಎಂದು ಅಡುಗೆಭಟ್ಟರನ್ನು ಕೇಳಿದ್ದೇ ತಮ್ಮ ಮೊದಲ ಸಂಶೋಧನೆ ಎನ್ನುತ್ತಿದ್ದರು. ಭಟ್ಟರು "ಚಳಿಗೆ ನೀನು ಬೇಗ ಏಳ್ತೀಯಾ?" ಎಂದರಂತೆ. "ಉತ್ತರ ತಪ್ಪಲ್ಲ, ಅಪೂರ್ಣ ಅಷ್ಟೆ" ಎಂದು ಮೇಡಂ ನಗುತ್ತಿದ್ದರು. ಮುಂದೆ ಅವರು ಆರಿಸಿಕೊಂಡದ್ದು ಬಿಸಿಯ ಅಧ್ಯಯನವನ್ನೇ. ಎರಡು ದ್ರವಗಳನ್ನು ಬೆರೆಸಿದಾಗ ಹುಟ್ಟುವ ಅತಿ ಸೂಕ್ಷ್ಮ ಬಿಸಿಯನ್ನು ಅಳೆಯುವ ಉಪಕರಣವೊಂದನ್ನು ಸ್ವತಃ ಕೂರಿಸಿಕೊಂಡು, ನೆಲಮಾಳಿಗೆಯ ತಮ್ಮ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಅದರ ಜೊತೆ ಕಳೆದಿದ್ದರು. ಹೊರಗೆ ಲಾರಿ ಹೋದರೂ ಅದು ಕಾಗದದ ಮೇಲೆ ಬರೆಯುವ ಗೆರೆ ಅಲುಗುತ್ತಿತ್ತು. ಆ ಕೋಣೆಗೆ ಹೋಗುವವರು ಮೆಲ್ಲಗೆ ನಡೆಯುವುದನ್ನು ಕಲಿತಿದ್ದರು.

ಯಾರು ಏನು ಹೇಳಿದರೂ ಅವರು ಕೇಳುತ್ತಿದ್ದದ್ದು ಒಂದೇ: "ಅದು ನಿನಗೆ ಹೇಗೆ ಗೊತ್ತು?" ಜಗಳದ ಧ್ವನಿಯಲ್ಲಿ ಅಲ್ಲ. ನಿಜವಾಗಿಯೂ ಗೊತ್ತಾಗಬೇಕಿತ್ತು. ಒಮ್ಮೆ ಮುಖರ್ಜಿ ನಗರದಲ್ಲಿ ನನ್ನ ರೂಮಿನ ಹತ್ತಿರ ಕಲ್ಲಂಗಡಿ ಮಾರುವವನೊಬ್ಬ, "ಇದು ಕೆಂಪಗಿದೆ ಮೇಡಂ, ಗ್ಯಾರಂಟಿ" ಎಂದ. "ಭಯ್ಯಾ, ಅದು ನಿನಗೆ ಹೇಗೆ ಗೊತ್ತು?" ಎಂದು ಶುರುಮಾಡಿದರು. ಸುತ್ತ ಕೋಚಿಂಗ್ ಕ್ಲಾಸಿನ ಹುಡುಗರು ಪುಸ್ತಕ ಹಿಡಿದು ಓಡಾಡುತ್ತಿದ್ದರೆ, ಈ ಪ್ರೊಫೆಸರ್ ಇಪ್ಪತ್ತು ನಿಮಿಷ ಹಣ್ಣುಗಳನ್ನು ಬಡಿದು ಬಡಿದು ಸದ್ದು ಕಲಿತರು. ಕೊನೆಗೆ ತಾವೇ ಒಂದು ಆರಿಸಿದರು. ಕೊಯ್ದರೆ ಬಿಳಿಚಿಕೊಂಡಿತ್ತು. ಅವನಿಗೂ ಅವರಿಗೂ ಒಟ್ಟಿಗೇ ನಗು ಬಂತು.

ಈ ಪ್ರಶ್ನೆ ನನ್ನ ಮೇಲೆ ಬಿದ್ದದ್ದು ಎರಡನೆಯ ವರ್ಷದಲ್ಲಿ. ನನ್ನ ಗೈಡ್ ಬೇರೆಯವರು. ವಿಭಾಗದಲ್ಲೇ ಹಿರಿಯರು, ಹೆಸರುವಾಸಿ, ದೊಡ್ಡ ಲ್ಯಾಬು, ಮಾತಿಗೆ ತೂಕ. ಅವರ ಕೈಕೆಳಗೆ ನಾನೊಂದು ಹಳದಿ ಹರಳಿನ ಸಂಯುಕ್ತ ತಯಾರಿಸಿದ್ದೆ. ಸರ್ ಅದರ ಬಗ್ಗೆ ಒಂದೆರಡು ಸಮ್ಮೇಳನಗಳಲ್ಲಿ ಆಗಲೇ ಹೇಳಿಬಂದಿದ್ದರು. ಅದರ ರಚನೆ ಇಂಥದ್ದೇ ಎಂದು ನಾವು ಬರೆದುಕೊಂಡಿದ್ದೆವು. ಆದರೆ ಅದನ್ನು ಖಚಿತವಾಗಿ ಹೇಳಲು ಅಣುವಿನ ತೂಕ ಗೊತ್ತಾಗಬೇಕು. ಅದನ್ನು ಅಳೆಯುವುದು ಮಾಸ್ ಸ್ಪೆಕ್ಟ್ರೋಮೀಟರ್. ಅದು ನಮ್ಮಲ್ಲಿ ಇರಲಿಲ್ಲ. ಬೇರೆ ಊರಿನ ಸಂಸ್ಥೆಯೊಂದಕ್ಕೆ ಸೀಸೆಯನ್ನು ಕೊರಿಯರ್ ಮಾಡಬೇಕು, ವಾರಗಟ್ಟಲೆ ಕಾಯಬೇಕು. ನನ್ನ ಹಳದಿ ಹರಳು ಸೆಕೆಗೆ, ಗಾಳಿಗೆ ಬಾಳುವಂಥದ್ದಲ್ಲ. ಎರಡು ಸಲ ಕಳಿಸಿದೆ. ಎರಡು ಸಲವೂ ಒಂದೇ ಉತ್ತರ ಬಂತು: ಮಾದರಿ ಕೆಟ್ಟಿದೆ, ದಯವಿಟ್ಟು ಹೊಸದು ಕಳಿಸಿ.

ಎರಡನೆಯ ಪತ್ರ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ಮೇಡಂ ಬಂದು ಪಕ್ಕದಲ್ಲೇ ಕೂತರು. "ಎಂತಾಯ್ತು ಹೇಳು" ಎಂದರು. ಹೇಳಿದೆ. ನನ್ನ ಸಂಯುಕ್ತ ಏನೆಂದು ಕೇಳಿದರು. ಅದನ್ನೂ ಹೇಳಿದೆ.

"ಅದು ನಿನಗೆ ಹೇಗೆ ಗೊತ್ತು?"

"ಸರ್ ಹೇಳಿದ್ದಾರೆ" ಅಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನನಗೆ ಮುಖ ಬಿಸಿಯಾಗುತ್ತದೆ.

ಮೇಡಂ ಬೈಯಲಿಲ್ಲ. ಆ ಪತ್ರವನ್ನು ಎರಡು ಸಲ ಓದಿದರು. "ಅಂದ್ರೆ ಇಲ್ಲಿ ಎಷ್ಟು ಜನ ಹೀಗೆ ಗೊತ್ತಿಲ್ಲದೆ ಕೂತಿದ್ದಾರೆ?" ಎಂದು ತಮಗೆ ತಾವೇ ಕೇಳಿಕೊಂಡರು.

ಮಾರನೆಯ ದಿನದಿಂದ ಒಂದು ನೋಟ್‌ಬುಕ್ ಹಿಡಿದು ಹೊರಟರು. ವಿಭಾಗಗಳು ಹಂಚಿಕೊಂಡು ಬಳಸುವ ದೊಡ್ಡ ಉಪಕರಣಗಳಿಗೆ ಸರ್ಕಾರದ ಒಂದು ಯೋಜನೆ ಇತ್ತು. ಅರ್ಜಿ ಹಾಕುವವರು ಸಾಮಾನ್ಯವಾಗಿ ತಮ್ಮ ಪ್ರಕಟಣೆಗಳ ಉದ್ದದ ಪಟ್ಟಿ ಲಗತ್ತಿಸುತ್ತಾರೆ. ಇವರು ಪ್ರತಿಯೊಬ್ಬರ ಬಾಗಿಲು ತಟ್ಟಿ, "ಈ ಯಂತ್ರ ಇಲ್ಲದ್ದಕ್ಕೆ ನಿಮ್ಮ ಯಾವ ಪ್ರಶ್ನೆ ಹಾಗೇ ಉಳಿದಿದೆ?" ಎಂದು ಕೇಳಿ ಬರೆದುಕೊಂಡರು. ಪ್ರಾಣಿಶಾಸ್ತ್ರದವರಲ್ಲಿ ಒಬ್ಬರು ಜೇಡದ ವಿಷದಲ್ಲಿ ಏನಿದೆ ಎಂದು ತಿಳಿಯಲಾಗದೆ ಕೂತಿದ್ದರು. ಫರೀದಾಬಾದಿನ ಕಾಲೇಜೊಂದರ ಅಧ್ಯಾಪಕಿ, ಕಾರ್ಖಾನೆಗಳ ಹಿಂದಿನ ಚರಂಡಿ ನೀರಿಗೆ ಮಂಗಳವಾರ ಮಾತ್ರ ನೇರಳೆ ಬಣ್ಣ ಏಕೆ ಬರುತ್ತದೆ ಎಂದು ತಿಳಿಯಲು ವರ್ಷದಿಂದ ಆ ನೀರನ್ನು ಬಾಟಲಿಗಳಲ್ಲಿ ತುಂಬಿಟ್ಟಿದ್ದರು. ಆ ಬಾಟಲಿಗಳನ್ನು ನೋಡಲು ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಕಪಾಟಿನ ತುಂಬ ಸಾಲಾಗಿ ಇಟ್ಟಿದ್ದ ನೇರಳೆ ನೀರಿನ ಮುಂದೆ ಒಡವೆ ಅಂಗಡಿಯಲ್ಲಿ ನಿಂತವರ ಹಾಗೆ ನಿಂತಿದ್ದರು.

ನಾನು ಅವರ ಜೊತೆ ತಿರುಗುವುದು ನನ್ನ ಗೈಡ್‌ಗೆ ಹಿಡಿಸಲಿಲ್ಲ. "ನಿನ್ನ ಥೀಸಿಸ್ ಆ ಮೇಡಂ ಬರೆದುಕೊಡ್ತಾರಾ?" ಎಂದು ಒಂದು ದಿನ ಎಲ್ಲರೆದುರು ಕೇಳಿದರು. ಆದರೂ ನಾನು ಸಂಜೆ ಹೋಗಿ ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಟೈಪು ಮಾಡಿದೆ. ಅದಕ್ಕೆ ನಿಷ್ಠೆ ಕಾರಣವಲ್ಲ. ಆ ಚರಂಡಿಯ ನೇರಳೆ ಬಣ್ಣ ಏನೆಂದು ನನಗೂ ತಿಳಿಯಬೇಕಿತ್ತು.

ಸಮಿತಿಯ ಮುಂದೆ ವಿವರಣೆ ಕೊಡುವ ದಿನ ಸ್ಲೈಡ್ ಬದಲಾಯಿಸಲು ನಾನೇ ಹೋಗಿದ್ದೆ. ಒಬ್ಬ ಸದಸ್ಯರು ಮೊದಲಿಗೇ ಕೇಳಿದರು: "ನಿಮ್ಮ ಸ್ವಂತ ಸಂಶೋಧನೆಗೆ ಇದರಿಂದ ಏನು ಉಪಯೋಗ?"

"ಏನೂ ಇಲ್ಲ" ಎಂದರು ಮೇಡಂ.

"ಹಾಗಿದ್ದರೆ ನೀವು ಯಾಕೆ ಕೇಳುತ್ತಿದ್ದೀರಿ?" ಎಂದರು ಆ ಸದಸ್ಯರು. ಮೇಡಂ ಸ್ಲೈಡುಗಳ ಕಡೆ ನೋಡದೆ ನೋಟ್‌ಬುಕ್ ತೆರೆದು ಓದಲು ಶುರುಮಾಡಿದರು. ಜೇಡದ ಪ್ರಶ್ನೆ ಮುಗಿಯುವ ಹೊತ್ತಿಗೆ ಒಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನೇರಳೆ ನೀರು ಬಂದಾಗ ಮಂಗಳವಾರ ಯಾವ ಕಾರ್ಖಾನೆ ಏನು ಮಾಡುತ್ತದೆ ಎಂದು ಇಬ್ಬರು ಸದಸ್ಯರು ತಮ್ಮತಮ್ಮಲ್ಲೇ ಮಾತಿಗಿಳಿದರು. ನಮಗೆ ಕೊಟ್ಟ ಸಮಯ ಮುಗಿದದ್ದನ್ನು ಯಾರೂ ನೋಡಲಿಲ್ಲ.

ವಾಪಸ್ಸು ಬರುವಾಗ ಮೆಟ್ರೊದಲ್ಲಿ ನಾನೂ ಅದನ್ನೇ ಕೇಳಿದೆ. "ನಿಜವಾಗ್ಲೂ ಯಾಕೆ ಮೇಡಂ? ನಿಮಗೆ ಅದರಿಂದ ಏನೂ ಇಲ್ಲವಲ್ಲ."

"ಯಾಕಿಲ್ಲ? ಅಷ್ಟೂ ಜನರ ಉತ್ತರ ಮೊದಲು ನೋಡೋದಕ್ಕೆ ನನಗೇ ಸಿಗ್ತದಲ್ಲ" ಎಂದರು. ಕಣ್ಣು ಮಿನುಗುತ್ತಿತ್ತು. ತ್ಯಾಗ, ಸೇವೆ ಎಂಬ ಮಾತು ಹುಡುಕುತ್ತಿದ್ದ ನನಗೆ ಆ ಉತ್ತರ ಸ್ವಲ್ಪ ಸಣ್ಣದಾಗಿ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ.

ಯಂತ್ರ ಮಂಜೂರಾಯಿತು, ಒಂದು ಷರತ್ತಿನ ಮೇಲೆ. ಗೊತ್ತುಮಾಡಿದ ದಿನದೊಳಗೆ ಕೋಣೆ ಸಿದ್ಧವಿರಬೇಕು. ಅಲುಗದ ನೆಲ, ಏರಿಳಿಯದ ಕರೆಂಟು, ಹಗಲಿರುಳು ಒಂದೇ ತಂಪು. ಇಲ್ಲದಿದ್ದರೆ ಅದು ಪಟ್ಟಿಯಲ್ಲಿ ನಮ್ಮ ನಂತರವಿದ್ದ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ವಿಭಾಗದ ಸಭೆಯಲ್ಲಿ ನನ್ನ ಗೈಡ್ ಹೇಳಿದರಂತೆ: "ನನ್ನ ಲ್ಯಾಬಿನಲ್ಲಿ ಜಾಗ ಇದೆ. ಅಲ್ಲೇ ಇಡೋಣ, ಬೀಗದ ಕೈ ನನ್ನ ಹತ್ತಿರ ಇರಲಿ. ಬೇಕಾದವರು ಕೇಳಲಿ." ಹೆಚ್ಚಿನವರು ತಲೆಯಾಡಿಸಿದರು, ಬೇರೆ ಜಾಗವೂ ಇರಲಿಲ್ಲ. ಆಗ ಮೇಡಂ, "ಕೇಳಿ ಪಡೆಯಬೇಕಾದದ್ದು ಎಲ್ಲರದ್ದು ಹೇಗಾಗುತ್ತೆ? ನನ್ನ ಕೋಣೆ ತಗೊಳ್ಳಿ" ಎಂದುಬಿಟ್ಟರು. ಬೀಗದ ಕೈ ವಿಭಾಗದ ಕಚೇರಿಯಲ್ಲಿ ಇರುವುದೆಂದು ಅಲ್ಲೇ ಬರೆಸಿದರು.

ಇಪ್ಪತ್ತು ವರ್ಷದ ಉಪಕರಣವನ್ನು ಬಿಚ್ಚಲು ನಾನೂ ಹೋಗಿದ್ದೆ. ಗಾಜಿನ ಕೊಳವೆಗಳನ್ನು ಅವರೇ ಒಂದೊಂದಾಗಿ ಹತ್ತಿಯಲ್ಲಿ ಸುತ್ತಿದರು. ಎರಡು ಕೊಳವೆ ಸೇರುವ ಜಾಗದಲ್ಲಿ ಗಾಜು ಊದುವವನ ಬೆರಳ ಗುರುತು ಉಳಿದುಹೋಗಿದ್ದನ್ನು ತೋರಿಸಿ, "ಇಷ್ಟು ವರ್ಷ ನಾನು ಇದನ್ನು ನೋಡೇ ಇರಲಿಲ್ಲ ನೋಡು" ಎಂದರು. ಅಳುತ್ತಾರೇನೋ ಎಂದು ನಾನು ಕದ್ದು ನೋಡುತ್ತಿದ್ದೆ. ಅವರು ಅಳಲಿಲ್ಲ. ಕೋಣೆಯ ಇನ್ನೊಂದು ಮೂಲೆಯಲ್ಲಿ ನೇಹಾ ಅಳುತ್ತಿದ್ದಳು.

ನೇಹಾ ಅವರ ಕೊನೆಯ ವಿದ್ಯಾರ್ಥಿನಿ. ಆ ಉಪಕರಣದ ಮೇಲೆ ಅವಳಿಗೆ ಇನ್ನೂ ಒಂದು ವರ್ಷದ ಕೆಲಸ ಬಾಕಿಯಿತ್ತು. ಮೂರನೆಯ ಮಹಡಿಯ ಮೂಲೆಯೊಂದರಲ್ಲಿ ಮತ್ತೆ ಜೋಡಿಸಿಕೊಡುವುದಾಗಿ ಮೇಡಂ ಮಾತು ಕೊಟ್ಟರು, ಜೋಡಿಸಿಯೂ ಕೊಟ್ಟರು. ಆದರೆ ಅಲ್ಲಿ ಯಾರು ನಡೆದರೂ ಗೆರೆ ನಡುಗುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದು ಅಳತೆಗಳೆಲ್ಲ ದಿಕ್ಕೆಟ್ಟು ಹೋಗುತ್ತಿದ್ದವು. ನಾಲ್ಕು ತಿಂಗಳು ಹೆಣಗಿದ ಮೇಲೆ ಅವಳು ಒಂದು ದಿನ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಹೇಳಿದಳು: "ಕೋಣೆ ಹೋಗ್ತಿದೆ ಅಂತ ನನಗೆ ಯಾರು ಹೇಳಿದ್ದು ಗೊತ್ತಾ? ಕಚೇರಿಯ ಪ್ಯೂನ್ ಭಯ್ಯಾ. ಮ್ಯಾಮ್ ಇಡೀ ದೆಹಲಿಯನ್ನ ಕೇಳಿದರು, ನಿಮಗೇನು ಬೇಕು ಅಂತ. ನನ್ನನ್ನ ಕೇಳಲಿಲ್ಲ." ಮುಂದಿನ ತಿಂಗಳು ಪಿಎಚ್‌.ಡಿ. ಬಿಟ್ಟು ಗುರುಗ್ರಾಮದ ಒಂದು ಕಂಪನಿ ಸೇರಿದಳು.

ಆ ಮಾತನ್ನು ನಾನು ಮೇಡಂಗೆ ಮುಟ್ಟಿಸಿದೆ. ಮುಟ್ಟಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಹೌದು, ಕೇಳಲಿಲ್ಲ" ಎಂದರು. "ಕೇಳಿದ್ರೆ ಅವಳು ಬೇಡ ಅಂತಿದ್ಳು. ಅದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಅದಾದ ವಾರದಲ್ಲೇ ಗುರುಗ್ರಾಮಕ್ಕೆ ಹೋಗಿ ಬಂದರು. ಹೋದದ್ದನ್ನು ಅವರೇ ನನಗೆ ಹೇಳಿದರು. ಗಾಜಿನ ಕಟ್ಟಡದ ಕೆಳಗೆ ಒಂದು ಗಂಟೆ ಕಾದ ಮೇಲೆ ನೇಹಾ ಇಳಿದು ಬಂದಳಂತೆ. "ಚಹಾ ಕುಡಿಸಿದಳು. ಆಮೇಲೆ ಬೈದಳು. ಸರಿಯಾಗಿಯೇ ಬೈದಳು" ಎಂದರು. ಮತ್ತೆ ಸೇರಿಸಿದರು: "ಅವಳು ವಾಪಸ್ ಬರೋದಿಲ್ಲ. ಅದಕ್ಕೆ ನಾನೇ ಕಾರಣ. ಇನ್ನೊಬ್ಬರು ಕಾರಣ ಅಂತ ನೀನು ಯಾರ ಹತ್ರವೂ ಹೇಳಬೇಡ." ಆಮೇಲೆ ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲಿಲ್ಲ. ಇದನ್ನು ಸಂಚಿಕೆಯಲ್ಲಿ ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ.

ಯಂತ್ರ ಬಂದದ್ದು ಏಪ್ರಿಲ್ ಕೊನೆಯ ಬಿಸಿಲಿನಲ್ಲಿ, ನಾಲ್ಕು ದೊಡ್ಡ ಮರದ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆ ವಾಲಿದರೆ ಕೆಂಪಾಗುವ ಒಂದು ಸಣ್ಣ ಗುರುತು ಪ್ರತಿಯೊಂದಕ್ಕೂ ಅಂಟಿಸಿರುತ್ತಾರೆ. ಮೂರನೆಯ ಪೆಟ್ಟಿಗೆಯದು ಕೆಂಪಾಗಿತ್ತು. ಸಾಗಣೆಯವರ ಮೇಸ್ತ್ರಿ ಅದರ ಮೇಲೆ ಕೈಯಿಟ್ಟು ಮುಚ್ಚಿಕೊಂಡು, "ಬೇಗ ಸಹಿ ಹಾಕಿಕೊಡಿ, ನಾವು ಹೊರಡ್ತೇವೆ" ಎಂದು ಅವಸರ ಮಾಡುತ್ತಿದ್ದ. ವಿಭಾಗದವರು ಕೂಗಾಡಲು ಶುರುಮಾಡಿದರು. ಅವನೂ ಕೂಗಿದ. ಮೇಡಂ ಎಲ್ಲರನ್ನೂ ಸುಮ್ಮನಿರಿಸಿ, ಅವನಿಗೆ ನೀರು ಕೊಟ್ಟು, ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತರು.

"ಭಯ್ಯಾ, ನಾನು ಬೈಯೋದಿಲ್ಲ. ಇದು ಹೇಗೆ ವಾಲಿತು ಅಂತ ನನಗೆ ತಿಳೀಬೇಕು, ಅಷ್ಟೆ. ಈ ಕಡೆಗೋ, ಆ ಕಡೆಗೋ?"

ಅವನು ಮೊದಲು ಗೊತ್ತಿಲ್ಲ ಎಂದ. ಅವರು ಕೈಯಿಂದ ತೋರಿಸುತ್ತ, ಇಷ್ಟಾ, ಇಷ್ಟಾ ಎಂದು ಕೇಳುತ್ತಲೇ ಹೋದರು. ಅವರ ಮುಖದಲ್ಲಿ ಸಂಶಯ ಇರಲಿಲ್ಲ, ಬರೀ ಆಸಕ್ತಿ ಇತ್ತು. ಸ್ವಲ್ಪ ಹೊತ್ತಿಗೆ ಅವನೂ ಎದ್ದು ನಿಂತು ತೋರಿಸತೊಡಗಿದ: ಗೋದಾಮಿನ ಇಳಿಜಾರಿನಲ್ಲಿ ಗಾಡಿಯ ಚಕ್ರ ಸಿಕ್ಕಿಕೊಂಡಿತು, ಪೆಟ್ಟಿಗೆ ಗೋಡೆಗೆ ಒರಗಿತು, ಬೀಳಲಿಲ್ಲ, ಹಾಗೇ ಒಂದು ಗಂಟೆ ನಿಂತಿತ್ತು. ಮೇಡಂ ಅದೆಲ್ಲವನ್ನೂ ಬರೆದು, ಅವನಿಂದಲೂ ಸಹಿ ಮಾಡಿಸಿಕೊಂಡು, ಆಮೇಲೆ ತಾವು ಸಹಿ ಹಾಕಿದರು. ಕಂಪನಿಯ ಎಂಜಿನಿಯರ್ ಬಂದು ತೆರೆದಾಗ ಅದರಲ್ಲಿದ್ದದ್ದು ಗಾಳಿ ಹೀರುವ ಪಂಪು. ಎಣ್ಣೆ ಒಂದು ಪಕ್ಕಕ್ಕೆ ಸೋರಿತ್ತು. ಎಷ್ಟು ಹೊತ್ತು, ಯಾವ ಕಡೆ ಎಂಬುದೆಲ್ಲ ಬರಹದಲ್ಲಿ ಇದ್ದದ್ದರಿಂದ ತಕರಾರಿಲ್ಲದೆ ಅವರು ಪಂಪು ಬದಲಿಸಿಕೊಟ್ಟರು.

ಯಂತ್ರ ಓಡಲು ಶುರುವಾದ ಮೇಲೆ ಅದನ್ನು ಬಳಸಲು ಒಂದು ಫಾರಂ ಮಾಡಿದರು. ಹೆಸರು, ವಿಭಾಗ, ಮಾದರಿ, ಕೊನೆಯಲ್ಲಿ ಒಂದು ದೊಡ್ಡ ಖಾಲಿ ಚೌಕ: ನೀವು ತಿಳಿಯಬೇಕೆಂದಿರುವುದು ಏನು? ಅದನ್ನು ತುಂಬದೆ ಯಾರಿಗೂ ಸರದಿ ಇಲ್ಲ. ಮೊದಲ ದಿನವೇ ನನ್ನ ಗೈಡ್ ನನ್ನನ್ನು ಕಳಿಸಿದರು. ಚೌಕದಲ್ಲಿ ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ಏನೂ ಬೇಡ. ನನ್ನ ಹೆಸರಿದೆಯಲ್ಲ, ಸಾಕು" ಎಂದಿದ್ದರು. ಮೇಡಂ ಫಾರಂ ನೋಡಿ ನನಗೇ ವಾಪಸ್ಸು ಕೊಟ್ಟರು.

"ಮೇಡಂ, ನಾನು..." ಎಂದೆ.

"ನೀನಂತ ಗೊತ್ತು. ಆದ್ರೂ ಖಾಲಿ ಉಂಟಲ್ಲ."

ಮೇಲಿನವರಿಂದ ಫೋನು ಬಂತು. ಮೇಡಂ ಅದೇ ಮಾತನ್ನು ಅವರಿಗೂ ಹೇಳಿದರು. ಮೂರನೆಯ ದಿನ ಸರ್ ಸ್ವತಃ ಇಳಿದು ಬಂದರು. ನಾನು ಬಾಗಿಲ ಬಳಿ ನಿಂತಿದ್ದೆ. ಜೇಬಿನಿಂದ ಪೆನ್ನು ತೆಗೆದು, ನಿಂತೇ, ಸಿಟ್ಟಿನಲ್ಲೇ ಆ ಚೌಕದಲ್ಲಿ ನಾಲ್ಕು ಸಾಲು ಗೀಚಿ ಮೇಜಿನ ಮೇಲೆ ತಳ್ಳಿದರು. ಮೇಡಂ ಓದಿದರು. ಮತ್ತೆ ಓದಿದರು. "ಅರೆ! ಇದು ಎಷ್ಟು ಒಳ್ಳೆಯ ಪ್ರಶ್ನೆ! ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ನೀವು?" ಎಂದು ಕುರ್ಚಿ ಎಳೆದು ಕೊಟ್ಟರು. ಸರ್ ಏನು ಮಾಡಬೇಕೋ ತೋಚದೆ ಕೂತರು. ಇಬ್ಬರೂ ಎರಡು ಗಂಟೆ ಮಾತಾಡಿದರು. ಇಪ್ಪತ್ತು ವರ್ಷ ಒಂದೇ ಕಟ್ಟಡದಲ್ಲಿದ್ದು ಅವರು ಹಾಗೆ ಮಾತಾಡಿದ್ದು ಅದೇ ಮೊದಲು ಎಂದು ಕಚೇರಿಯವರು ಹೇಳಿದರು. ಸರದಿ ಮಾತ್ರ ಮುಂದಕ್ಕೆ ಬರಲಿಲ್ಲ. ನಮಗೆ ಸಿಕ್ಕಿದ್ದು ಮುಂದಿನ ವಾರವೇ.

ಆ ದಿನ ಬಂತು. ಮಾದರಿಯನ್ನು ಕರಗಿಸಿ ಕೂದಲೆಳೆಯ ಸೂಜಿಯಿಂದ ಒಳಗೆ ಸಿಂಪಡಿಸುತ್ತಾರೆ. ಹನಿಗಳು ಒಣಗಿ, ವಿದ್ಯುತ್ ಹೊತ್ತ ಅಣುಗಳಷ್ಟೇ ಉಳಿಯುತ್ತವೆ. ಎಲ್ಲಕ್ಕೂ ಒಂದೇ ದೂಡು ಕೊಟ್ಟು ಗಾಳಿಯಿಲ್ಲದ ಕೊಳವೆಯಲ್ಲಿ ಓಡಿಸಿದರೆ ಹಗುರಾದವು ಮೊದಲು ತಲುಪುತ್ತವೆ, ಭಾರವಾದವು ತಡವಾಗಿ. ತಲುಪಿದ ಹೊತ್ತಿನಿಂದ ತೂಕ ಗೊತ್ತಾಗುತ್ತದೆ. ಪರದೆಯ ಮೇಲೆ ಒಂದು ಗೆರೆ ಎದ್ದಿತು. ನಾನು ಸಂಖ್ಯೆ ಓದಿದೆ. ನಾವು ಹೇಳಿಕೊಂಡು ಬಂದದ್ದಕ್ಕಿಂತ ಎರಡು ಕಡಿಮೆ.

ಮತ್ತೆ ಓಡಿಸಿದೆವು. ಹೊಸದಾಗಿ ಕರಗಿಸಿ ಮೂರನೆಯ ಸಲ ಓಡಿಸಿದೆವು. ಎರಡು ಕಡಿಮೆಯೇ. ಎರಡು ಹೈಡ್ರೋಜನ್ ಎಲ್ಲೋ ಕಳಚಿಹೋಗಿದ್ದವು. ಅಂದರೆ ಎರಡು ವರ್ಷ ನಾನು ಮಾಡಿದ್ದು ನಾನು ಅಂದುಕೊಂಡಿದ್ದ ವಸ್ತುವೇ ಅಲ್ಲ. ಸರ್ ಸಮ್ಮೇಳನಗಳಲ್ಲಿ ಹೇಳಿದ್ದೂ ಅಲ್ಲ.

"ಹಾಗಾದ್ರೆ ಇದು ಎಂತದು?" ಎಂದರು ಮೇಡಂ. ಮುಖ ಅರಳಿಹೋಗಿತ್ತು. ನನಗೆ ಸಹಿಸಲಾಗಲಿಲ್ಲ.

"ನಿಮಗೆ ಖುಷಿಯಾಗ್ತಿದೆ, ಅಲ್ವಾ? ನನ್ನ ಎರಡು ವರ್ಷ ಹೋಯ್ತು ಮೇಡಂ" ಎಂದು ಕೂಗಿದೆ. ಅವರೆದುರು ನಾನು ಕೂಗಿದ್ದು ಅದೊಂದೇ ಸಲ.

ಅವರ ಮುಖ ತಟ್ಟನೆ ಇಳಿಯಿತು. ತಮ್ಮಿಂದ ಏನಾಯಿತು ಎಂದು ಅರ್ಥವಾಗಲು ಅವರಿಗೆ ಯಾವಾಗಲೂ ಸ್ವಲ್ಪ ಹೊತ್ತು ಬೇಕಿತ್ತು. ಆ ದಿನ ಬೇಗ ಅರ್ಥವಾಯಿತು. "ಖುಷಿಯಾಯ್ತು. ಸುಳ್ಳು ಹೇಳೋದಿಲ್ಲ" ಎಂದರು. "ಆದ್ರೆ ನಿನಗೆ ಎಂತ ಆಯ್ತು ಅಂತ ಮೊದಲು ನೋಡಬೇಕಿತ್ತು. ತಪ್ಪಾಯ್ತು." ಸ್ಟೂಲು ಎಳೆದು ಪಕ್ಕದಲ್ಲಿ ಕೂತರು. ನಾನು ಅತ್ತು ಮುಗಿಸುವವರೆಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವರಿಗೆ ಅದೆಷ್ಟು ಕಷ್ಟವಾಗಿರಬೇಕೆಂದು ನನಗೆ ಆಮೇಲೆ ಹೊಳೆಯಿತು.

ಆ ಫಲಿತಾಂಶ ಅಚ್ಚಾಗಿ ಬಂದ ಹಾಳೆಯ ಇನ್ನೊಂದು ಪ್ರತಿಯನ್ನು ಅವರು ಮಾಡಿಸಲಿಲ್ಲ. ಎದುರಾಳಿಯಂತಿದ್ದ ಹಿರಿಯ ಪ್ರೊಫೆಸರ್ ತಪ್ಪು ಎಂದು ತೋರಿಸುವ ಕಾಗದ ಅದು. ವಿಭಾಗದಲ್ಲಿ ಅದಕ್ಕಾಗಿ ಕಾಯುತ್ತಿದ್ದವರು ಹಲವರಿದ್ದರು. ಮೇಡಂ ಅದನ್ನು ಮಡಿಚಿ ನನ್ನ ಕೈಗಿಟ್ಟು, "ನಿನ್ನ ಸರ್‌ಗೆ ತೋರಿಸು. ಅವರು ಏನಂತಾರೆ ಅಂತ ನನಗೆ ಹೇಳು" ಎಂದರಷ್ಟೆ. ಸರ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು. "ಗಾಳಿ" ಎಂದರು ಮೆಲ್ಲಗೆ. "ಗಾಳಿಯಲ್ಲಿ ಅದು ತಾನೇ ಬದಲಾಗ್ತಿದೆ. ಬಾ ನನ್ನ ಜೊತೆ." ನನ್ನನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದರು. ಬಾಗಿಲಲ್ಲಿ ನಿಂತು ಮೇಡಂಗೆ, "ನಾನು ಹೇಳಿದ್ದು ತಪ್ಪಾಗಿತ್ತು. ಹೇಗೆ ಬದಲಾಗುತ್ತೆ ನೋಡಬೇಕು, ಬನ್ನಿ" ಎಂದರು. ಅದು ಹೇಗೆ ಬದಲಾಗುತ್ತದೆ ಎಂಬುದೇ ಕೊನೆಗೆ ನನ್ನ ಥೀಸಿಸ್ ಆಯಿತು. ಸಮ್ಮೇಳನದ ಮಾತನ್ನು ಸರ್ ಬರಹದಲ್ಲಿ ತಿದ್ದಿಕೊಂಡರು. ಅದು ಅವರಿಗೆ ಸುಲಭವಾಗಿರಲಿಲ್ಲ.

ನೇರಳೆ ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅದೊಂದು ಬಟ್ಟೆಯ ಬಣ್ಣ. ಸೋಮವಾರ ಒಂದು ಘಟಕದವರು ತೊಟ್ಟಿ ತೊಳೆಯುತ್ತಿದ್ದರು, ಅದು ಹರಿದು ಅಲ್ಲಿಗೆ ಮುಟ್ಟುವುದು ಮಂಗಳವಾರ. ಫರೀದಾಬಾದಿನ ಆ ಅಧ್ಯಾಪಕಿ ವರದಿ ಹಿಡಿದು ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿಳಿದ ಮೇಲೆ ತೊಟ್ಟಿಯ ನೀರನ್ನು ಬೇರೆ ಕಡೆ ಶುದ್ಧಮಾಡಿ ಬಿಡುವ ವ್ಯವಸ್ಥೆಯಾಯಿತು. ಈಗ ನಾನೂ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಿಟಕಿಯಿಂದ ಆ ಚರಂಡಿ ಕಾಣುತ್ತದೆ. ಇವತ್ತಿಗೂ ಕೊಳಕೇ, ಆದರೆ ವಾರದ ಎಲ್ಲ ದಿನವೂ ಒಂದೇ ಬಣ್ಣ.

ಮೇಡಂ ಅವರ ನಿವೃತ್ತಿಯ ವಾರದಲ್ಲಿ ನನ್ನ ವಿದ್ಯಾರ್ಥಿನಿ ಶಬ್ನಮ್‌ಗೆ ಯಂತ್ರದ ಸರದಿ ಸಿಕ್ಕಿತ್ತು. ಅವಳು ಎಂ.ಎಸ್ಸಿ. ಓದುತ್ತಿದ್ದಾಳೆ, ವಿಶ್ವವಿದ್ಯಾಲಯಕ್ಕೆ ಬಂದದ್ದು ಅದೇ ಮೊದಲು. ಅವಳನ್ನು ಕೂರಿಸಿ ನಾನು ಕಚೇರಿಗೆ ಸಹಿ ಹಾಕಲು ಹೋದೆ. ತಿರುಗಿ ಬರುವಾಗ ನೋಡುತ್ತೇನೆ, ಅವಳ ಪಕ್ಕದ ಸ್ಟೂಲಿನ ಮೇಲೆ ಮೇಡಂ ಕೂತಿದ್ದಾರೆ. ತಮ್ಮ ಆಫೀಸು ಖಾಲಿ ಮಾಡಿ ಪುಸ್ತಕಗಳನ್ನೆಲ್ಲ ಕಳಿಸಿಯಾಗಿತ್ತು, ಕೂರಲು ಬೇರೆ ಜಾಗವಿರಲಿಲ್ಲ. ಶಬ್ನಮ್ ಅವರನ್ನು ಸರದಿಗಾಗಿ ಕಾಯುತ್ತಿರುವ ಇನ್ನಾರೋ ಎಂದುಕೊಂಡು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದಳು.

"ಹಗುರಾದವು ಬೇಗ ಓಡ್ತವೆ ಆಂಟಿ, ಭಾರದವು ಹಿಂದೆ ಉಳೀತವೆ. ಅರ್ಥ ಆಯ್ತಾ?"

"ಅಚ್ಛಾ, ಅಚ್ಛಾ" ಎಂದರು ಮೇಡಂ, ಮೊದಲ ಸಲ ಕೇಳುತ್ತಿರುವವರ ಹಾಗೆ. ನಾನು ಒಳಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿದರು. ಆಮೇಲೆ ಪರದೆಯ ಕಡೆ ಬಾಗಿ ಕೇಳಿದರು: "ದೊಡ್ಡ ಗೆರೆಯ ಪಕ್ಕದಲ್ಲಿ ಆ ಚಿಕ್ಕದು ಏನಮ್ಮಾ?"

"ಅದಾ? ಅದು ಕೊಳೆ ಇರಬೇಕು. ಎಲ್ಲರಿಗೂ ಬರುತ್ತೆ."

"ಎಲ್ಲರಿಗೂ ಬರುತ್ತಾ? ನೋಡಿದೀಯಾ?"

ಶಬ್ನಮ್ ನೋಡಿರಲಿಲ್ಲ. ಒಂದು ಕ್ಷಣ ಯೋಚಿಸಿ, ಮಾದರಿ ಹಾಕದೆ ಬರೀ ದ್ರಾವಕ ಓಡಿಸಿದ್ದ ಫಲಿತಾಂಶವನ್ನು ತೆರೆದಳು. ಆ ಚಿಕ್ಕ ಗೆರೆ ಅಲ್ಲಿ ಇರಲಿಲ್ಲ. ಅವಳು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಮೇಡಂ ಸದ್ದಾಗದಂತೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಭುಜ ತಟ್ಟಿ ಹೊರಗೆ ಹೋದರು. ಅವಳು ತಲೆ ಎತ್ತಲಿಲ್ಲ.

ವಾಪಸ್ಸು ಬರುವಾಗ ಮೆಟ್ರೊದಲ್ಲಿ ಶಬ್ನಮ್ ಆ ಆಂಟಿ ಯಾರೆಂದು ಕೇಳುತ್ತಾಳೆ, ಆಗ ಎಲ್ಲ ಹೇಳೋಣ ಎಂದು ನಾನು ಕಾಯುತ್ತಿದ್ದೆ. ಅವಳು ಕೇಳಲೇ ಇಲ್ಲ. ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಆ ಚಿಕ್ಕ ಗೆರೆ ಏನಿರಬಹುದೆಂದು ಒಂದಾದ ಮೇಲೊಂದು ರಚನೆ ಬರೆದು ಹೊಡೆದುಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಾನೂ ಬಾಗಿ ನೋಡತೊಡಗಿದೆ. ಇದಿರಬಹುದಾ ಎಂದು ಅವಳು, ಹಾಗಾದರೆ ತೂಕ ಹೊಂದುವುದಿಲ್ಲವಲ್ಲ ಎಂದು ನಾನು. ನಾವು ಇಳಿಯಬೇಕಾದ ನಿಲ್ದಾಣ ಹಿಂದೆ ಸರಿದು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.